ಮಗುವಿನ ಡಬ್ಬ ಮೊದಲು

ಗೌಡಗೆರೆ, ಶಿರಾ ತಾಲ್ಲೂಕು
ಶುಕ್ರವಾರ, ೧೪ ಮಾರ್ಚ್ ೨೦೨೫, ಮಧ್ಯಾಹ್ನ ಎರಡೂವರೆ

ಪ್ರೀತಿಯ ಅತ್ತೆಮ್ಮ,

ನಮಸ್ಕಾರಗಳು. ಮಂಡಿನೋವು ಹೇಗಿದೆ? ವಳ್ಳೂರಿನ ಬಿಸಿಲು ನಮ್ಮೂರಿನದಕ್ಕಿಂತ ಒಂದು ಕೈ ಮೇಲು ಅನ್ನುತ್ತಾರೆ, ಅದರ ಮೇಲೆ ಊರ ಸುತ್ತ ಆ ಸೋಲಾರ್ ಪ್ಯಾನೆಲ್ಲುಗಳ ಹೊಳಪು ಬೇರೆ. ಮಧ್ಯಾಹ್ನ ಹೊರಗೆ ಕೂರಬೇಡಿ. ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಮೊದಲಲ್ಲ. ಗಂಗಾಂಬಿಕಾಗೆ ಹಾಲು ಸರಿಯಾಗಿ ಬರುತ್ತಿದೆಯೇ? ಕೂಸು ಯಾರ ಹಾಗಿದೆ? ಹದಿನಾರು ದಿನದ ಕೂಸನ್ನು ನೋಡಿ ಮೂಗು ಅಪ್ಪನದು, ಕಿವಿ ಸೋದರಮಾವನದು ಎಂದು ವಿಂಗಡಿಸುವವರು ನಮ್ಮ ಮನೆಯಲ್ಲಿ ನೀವೊಬ್ಬರೇ. ನನಗೆ ಎಲ್ಲ ಕೂಸುಗಳೂ ಒಂದೇ ತರಹ ಕಾಣುತ್ತವೆ, ಶೃತಿ ಹುಟ್ಟಿದಾಗಲೂ ಹಾಗೇ ಕಂಡಿತ್ತು, ನೀವು ಬೈದಿದ್ದಿರಿ.

ಇಷ್ಟೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಹತ್ತಿರ ಫೋನಿಲ್ಲ, ನಾದಿನಿ ಗಂಗಾಂಬಿಕಾಳ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ನೀವು ಬಂದರೂ "ಚೆನ್ನಾಗಿವ್ನಿ ಕಣಮ್ಮ, ಶೃತಿ ಉಂಡ್ಲಾ" ಅನ್ನುವುದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ಇನ್ನೊಂದು ಕಾರಣವೂ ಇದೆ. ನಾನು ಹೇಳಬೇಕಾದ ವಿಷಯದಲ್ಲಿ ಬಾಯಿ ಬಿಟ್ಟರೆ ಸುಳ್ಳೇ ಬರುತ್ತದೆ, ಎರಡು ಸಲ ಬಂದಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಸಂಜೆ ಶಾಲೆಯಲ್ಲಿ ಕಲಿತದ್ದು ಬಸ್ಸಿನ ಬೋರ್ಡು ಓದುವಷ್ಟು ಎಂದು ಹೇಳುತ್ತೀರಿ, ಆದರೆ ಕರೆಂಟ್ ಬಿಲ್ಲಿನ ಹಿಂದಿನ ಸಣ್ಣ ಅಕ್ಷರ ಓದಿದ್ದನ್ನು ನಾನು ನೋಡಿದ್ದೇನೆ. ಆದರೂ ದಪ್ಪಕ್ಷರದಲ್ಲೇ ಬರೆಯುತ್ತೇನೆ. ನಮ್ಮ ಬೀದಿಯ ಕದಿರಯ್ಯ ನಿಮ್ಮೂರ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಡ್ಯೂಟಿಗೆ ನಾಳೆ ಮಧ್ಯಾಹ್ನ ಹೊರಡುತ್ತಾನೆ, ಅವನ ಕೈಗೆ ಕೊಡುತ್ತೇನೆ. ಬೇರೆ ಯಾರ ಕೈಗೂ ಕೊಡಬೇಡ ಎಂದೂ ಹೇಳುತ್ತೇನೆ.

ಇಲ್ಲಿಯ ಸಮಾಚಾರ ಹೀಗಿದೆ. ಈ ವಾರ ಮಿಲ್ಲಿಗೆ ತ್ರೀ ಫೇಸ್ ಕರೆಂಟು ಬೆಳಿಗ್ಗೆ ಆರರಿಂದ ಹತ್ತು, ಬರುವ ವಾರ ಹನ್ನೆರಡರಿಂದ ನಾಲ್ಕು. ಎಂದಿನಂತೆ ನಾಲ್ಕು ಗಂಟೆಯಲ್ಲಿ ಊರಿನ ಹಿಟ್ಟೆಲ್ಲ ಬೀಸಬೇಕು, ಅದೇ ನಾಲ್ಕು ಗಂಟೆಯಲ್ಲಿ ಶೃತಿಗೆ ತಿಂಡಿ, ಜಡೆ, ಶೂ ಪಾಲಿಶ್. ನಾನು ಗೋಡೆಗೆ ಅಂಟಿಸಿದ ಟೈಮ್‌ಟೇಬಲ್ಲು ಇನ್ನೂ ಹಾಗೇ ಇದೆ. ಐದಕ್ಕೆ ಏಳುವುದು, ಐದೂಕಾಲಿಗೆ ಕಸ, ಐದೂವರೆಗೆ ಕುಕ್ಕರ್, ಆರಕ್ಕೆ ಸ್ವಿಚ್. ಫೋನಿನಲ್ಲಿ ಹನ್ನೊಂದು ಅಲಾರಾಂ. ನೀವು ನಗುತ್ತಿದ್ದಿರಿ, "ನಿನ್ನ ಫೋನು ಕೋಳಿಗಿಂತ ಜಾಸ್ತಿ ಕೂಗ್ತೈತೆ ಕಣಮ್ಮ" ಎಂದು. ನನಗೆ ಸಿಟ್ಟು ಬರುತ್ತಿತ್ತು. ಗಂಡ ಬಿಟ್ಟು ಹೋದ ಮನೆಯಲ್ಲಿ ಮಗಳನ್ನು ಓದಿಸಿಕೊಂಡು ಮಿಲ್ಲು ನಡೆಸುವವಳಿಗೆ ಗಡಿಯಾರವೇ ಗಂಡ ಎಂದು ಒಂದು ದಿನ ಅಂದುಬಿಟ್ಟೆ. ನೀವು ಎದ್ದು ಹಸುವಿನ ಹತ್ತಿರ ಹೋದಿರಿ. ಬಿಟ್ಟು ಹೋದವನು ನಿಮ್ಮ ಮಗ ಎಂಬುದು ಅಂದ ಮೇಲೆ ನೆನಪಾಯಿತು.

ನೀವು ಹೋಗಿ ಇವತ್ತಿಗೆ ಹದಿನೈದು ದಿನ. ಈ ಹದಿನೈದು ದಿನದಲ್ಲಿ ನನ್ನ ಟೈಮ್‌ಟೇಬಲ್ಲು ಒಂದು ದಿನವೂ ನಡೆದಿಲ್ಲ. ಮೊದಮೊದಲು ಅಲಾರಾಂ ಹೆಚ್ಚು ಮಾಡಿದೆ, ಉಪಯೋಗವಾಗಲಿಲ್ಲ. ಮೊನ್ನೆ ಶೃತಿ ಎರಡು ಕಾಲಿಗೂ ಎಡಗಾಲಿನ ಸಾಕ್ಸು ಹಾಕಿಕೊಂಡು ಪರೀಕ್ಷೆಗೆ ಹೋದಳು, ಸಾಕ್ಸಿಗೆ ಎಡ ಬಲ ಇಲ್ಲ ಎಂದು ನೀವು ಹೇಳುತ್ತೀರಿ, ಅವಳ ಸಾಕ್ಸಿಗೆ ಇದೆ, ಹೂವು ಹೊರಗಡೆಗೆ ಬರಬೇಕಂತೆ. ಸಾಲಿನಲ್ಲಿ ನಿಂತ ಹೆಂಗಸರು ಜಗಳವಾಡುತ್ತಾರೆ, ಯಾರ ಡಬ್ಬ ಮೊದಲು ಬಂತು ಎಂದು. ನಾನು ಚೀಟಿ ನಂಬರು ಕೊಟ್ಟೆ, ಚೀಟಿ ಕಳೆದುಕೊಂಡು ಜಗಳವಾಡುತ್ತಾರೆ. ನೀವು ಬಾಗಿಲ ಹತ್ತಿರ ಮೂಟೆಯ ಮೇಲೆ ಕೂತು ಬರಿ ಕೈಯಲ್ಲಿ ಡಬ್ಬ ಮುಟ್ಟಿ ಇದು ಇಂಥವರ ಮನೆಯದು, ಇದು ಗೋಧಿ, ಇದು ಸೋಮವಾರಕ್ಕೆ ಎಂದು ಸಾಲು ಮಾಡುತ್ತಿದ್ದಿರಲ್ಲ, ಆ ಕೆಲಸಕ್ಕೆ ನನ್ನ ಟೈಮ್‌ಟೇಬಲ್ಲಿನಲ್ಲಿ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಸಂಜೆ ನಾಲ್ಕೂ ಇಪ್ಪತ್ತಕ್ಕೆ ಶೃತಿ ಬಂದಾಗ ಬಾಗಿಲು ತೆರೆದಿರುತ್ತಿತ್ತು, ಅದಕ್ಕೂ ಗೆರೆ ಇರಲಿಲ್ಲ. ನಿಮ್ಮ ಕೆಲಸದ ಮೇಲೆ ನನ್ನ ಜಾಣತನ ನಿಂತಿತ್ತು, ಅದು ಈಗ ಗೊತ್ತಾಯಿತು.

ಅತ್ತೆಮ್ಮ, ಸುತ್ತಿ ಬಳಸಿ ಬರೆದದ್ದು ಸಾಕು. ಹೋದ ತಿಂಗಳು ಇಪ್ಪತ್ತೆರಡನೇ ತಾರೀಖು, ಶನಿವಾರದ ವಿಷಯಕ್ಕೆ ಬರುತ್ತೇನೆ. ನೀವು ಅದನ್ನು ಒಂದು ಸಲವೂ ಎತ್ತಲಿಲ್ಲ. ಆ ವಾರ ಮಧ್ಯಾಹ್ನದ ಪಾಳಿ, ನಾಲ್ಕಕ್ಕೆ ಕರೆಂಟು ಹೋಗಬೇಕು. ಅವತ್ತು ಮೂರು ಮನೆಯ ಮೆಣಸಿನಕಾಯಿ ಬಂದಿತ್ತು, ಅದನ್ನು ಕೊನೆಗೆ ಹಾಕಿದೆ, ಅದು ಸರಿಯಾಗೇ ಇತ್ತು. ನಮ್ಮದು ಒಂದೇ ಯಂತ್ರ. ಖಾರ ಬೀಸಿದ ಮೇಲೆ ಎರಡು ಸೇರು ಹೊಟ್ಟು ಹಾಕಿ ಕಲ್ಲು ತೊಳೆಯಬೇಕು, ತೊಳೆದರೂ ಆ ದಿನ ಮತ್ತೆ ಊಟದ ಹಿಟ್ಟು ಬೀಸಬಾರದು, ಮಗುವಿನ ಡಬ್ಬವಂತೂ ಮಾರನೆಯ ಪಾಳಿಗೆ, ಎಲ್ಲಕ್ಕಿಂತ ಮೊದಲು. ಇದು ಮಾವನ ಕಾಲದಿಂದ ಬಂದ ಕಟ್ಟು. ನಮ್ಮೂರ ಗಂಗಲಕ್ಷ್ಮಮ್ಮ ತಮ್ಮ ಮೊಮ್ಮಗ ಅಂಜನ್‌ಗೆ ರಾಗಿ ಸರಿ ಮಾಡಲು ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿ ತಂದುಕೊಟ್ಟಿದ್ದರು. ನೀವು ಆ ಡಬ್ಬವನ್ನು ಮೇಲಿನ ಹಲಗೆಗೆ ಎತ್ತಿಟ್ಟು, ಸೋಮವಾರಕ್ಕೆ ಇದೇ ಮೊದಲು ಎಂದು ನನಗೆ ಹೇಳಿ, ಹಸುವಿಗೆ ನೀರು ಕುಡಿಸಲು ಹಿತ್ತಿಲಿಗೆ ಹೋದಿರಿ.

ಮೆಣಸಿನಕಾಯಿ ಮುಗಿದಾಗ ಗಡಿಯಾರದಲ್ಲಿ ಮೂರು ನಲವತ್ತೆಂಟು. ಹನ್ನೆರಡು ನಿಮಿಷ ಇತ್ತು. ಭಾನುವಾರ ಕಲ್ಲಿಗೆ ಉಳಿ ಹೊಡೆಯುವವನು ಬರುತ್ತಿದ್ದ, ಮಿಲ್ಲು ಬಂದ್. ಸೋಮವಾರ ಶೃತಿಯ ಶಾಲೆಯಲ್ಲಿ ಪೋಷಕರ ಸಭೆ. ಎರಡು ಸೇರಿನ ಡಬ್ಬ, ಐದು ನಿಮಿಷದ ಕೆಲಸ, ಈಗಲೇ ಮುಗಿಸಿಬಿಟ್ಟರೆ ಸೋಮವಾರ ಹಗುರವಾಗುತ್ತದೆ ಎಂದು ಲೆಕ್ಕ ಹಾಕಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆದರೆ ಆ ಹೊತ್ತಿನಲ್ಲಿ ಆತುರವೇ ನನಗೆ ಬುದ್ಧಿಯಾಗಿ ಕಂಡಿತು. ಎರಡು ಸೇರು ಹೊಟ್ಟಿನ ಬದಲು ಒಂದು ಬೊಗಸೆ ಹಾಕಿ ಓಡಿಸಿದೆ. ಹಲಗೆಯಿಂದ ಡಬ್ಬ ಇಳಿಸಿದೆ. ಬೀಸಿದೆ. ಹಿಟ್ಟು ಸ್ವಲ್ಪ ಕೆಂಪಗಿತ್ತು, ಹುರಿದ ರಾಗಿ ಕೆಂಪಗೇ ಇರುತ್ತದೆ ಎಂದುಕೊಂಡೆ. ಮೂಗಿಗೆ ಬೆಳಗಿನಿಂದ ಖಾರದ ಘಾಟೇ ಹೊಡೆದಿತ್ತು, ವಾಸನೆ ತಿಳಿಯಲಿಲ್ಲ. ನಾಲಿಗೆಗೆ ಹಚ್ಚಿ ನೋಡಲಿಲ್ಲ. ಶೃತಿ ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದಳು, ಅವಳು ಎಲ್ಲವನ್ನೂ ನೋಡಿದಳು.

ಭಾನುವಾರ ಬೆಳಿಗ್ಗೆ ಅಂಜನ್‌ಗೆ ಆ ಸರಿ ತಿನ್ನಿಸಿದರು. ಎಂಟು ತಿಂಗಳ ಮಗು. ಮೊದಲ ಎರಡು ಚಮಚಕ್ಕೆ ಅತ್ತಾಗ ಹಟ ಎಂದುಕೊಂಡು ಮೂರನೆಯದನ್ನೂ ಹಾಕಿದರಂತೆ. ತುಟಿ, ಗಲ್ಲ ಕೆಂಪಾಗಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡು, ವಾಂತಿ ಮಾಡಿಕೊಂಡು, ಶಿರಾದ ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡರು. ಈಗ ಮಗು ಚೆನ್ನಾಗಿದೆ. ಆದರೆ ಇವತ್ತಿಗೂ ಚಮಚ ಕಂಡರೆ ಬಾಯಿ ಬಿಗಿದು ಮುಖ ತಿರುಗಿಸುತ್ತದಂತೆ. ಈ ಒಂದು ಸಾಲು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಸೋಮವಾರ ಗಂಗಲಕ್ಷ್ಮಮ್ಮ ಡಬ್ಬ ತಂದು ಏಳೆಂಟು ಹೆಂಗಸರ ಮುಂದೆ ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿ ತಿನ್ನು ಅಂದರಲ್ಲ, ತಿಂದ ಕೂಡಲೇ ನನಗೆ ಎಲ್ಲ ಗೊತ್ತಾಯಿತು. ಆಗ ತಪ್ಪು ನನ್ನದು ಎನ್ನಲು ಎರಡು ಮಾತು ಸಾಕಿತ್ತು. ಆದರೆ ನನ್ನ ತಲೆ ಅಲ್ಲಿ ಕೂಡ ಲೆಕ್ಕವನ್ನೇ ಹಾಕಿತು. ಮಿಲ್ಲಿನವಳು ಕೈ ತಪ್ಪಿದಳು ಅಂದರೆ ನಾಳೆಯಿಂದ ಯಾರೂ ಮಗುವಿನ ಹಿಟ್ಟು ತರುವುದಿಲ್ಲ, ಆಮೇಲೆ ದೊಡ್ಡವರ ಹಿಟ್ಟನ್ನೂ ತರುವುದಿಲ್ಲ, ಶೃತಿಯ ಶಾಲೆ, ಬಟ್ಟೆ, ಎಲ್ಲ ಆ ಕಲ್ಲಿನ ಮೇಲೇ ನಿಂತಿದೆ. ನಾನು ಹೇಳಿದೆ, "ಅತ್ತೆಗೆ ಕಣ್ಣು ಮಂಜಾಗೈತೆ ಕಣಕ್ಕ, ಖಾರದ ಹಿಂದೆ ಮಗು ಡಬ್ಬ ಮಡಗವ್ರೆ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನನ್ನನ್ನು ಹೊತ್ತು ನಿಂತ ನೆಲವನ್ನೇ ಡೊಂಕು ಅಂದೆ. ನೀವು ನನ್ನ ಮುಖ ನೋಡಿದಿರಿ. ನೀವು ಬೈಯುತ್ತೀರಿ, ಡಬ್ಬ ಹಲಗೆಯ ಮೇಲಿಟ್ಟಿದ್ದೆ ಅನ್ನುತ್ತೀರಿ ಎಂದು ಕಾದೆ. ನೀವು ಸೆರಗು ಸರಿ ಮಾಡಿಕೊಂಡು, "ಆಗಿರ್ಬೌದು ಕಣಮ್ಮ, ವಯಸ್ಸಾಯ್ತಲ್ಲ" ಅಂದಿರಿ. ಗಂಗಲಕ್ಷ್ಮಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. ಮಿಲ್ಲು ಉಳಿಯಿತು.

ಆ ಸಂಜೆ ಶೃತಿ ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು, "ಅಜ್ಜಿ ಅಲ್ವಲ್ಲಮ್ಮ, ಮೇಲಿಂದ ಇಳಿಸಿದ್ದು ನೀನಲ್ವಾ?" ನಾನು ಹೋಂವರ್ಕ್ ಮಾಡು ಅಂದೆ. ಅವಳು ಮಾಡಿದಳು. ಒಂಬತ್ತು ವರ್ಷದ ಮಗಳಿಗೆ ಸುಳ್ಳನ್ನು ಹೇಗೆ ನುಂಗುವುದು ಎಂದು ನಾನೇ ಕಲಿಸಿಕೊಟ್ಟೆ. ಬುಧವಾರ ಶಿವರಾತ್ರಿ, ಅವತ್ತೇ ಗಂಗಾಂಬಿಕಾಗೆ ಹೆರಿಗೆಯಾದ ಸುದ್ದಿ ಬಂತು. ಎರಡನೆಯ ಹೆರಿಗೆ, ಬಾಣಂತನ ಗಂಡನ ಮನೆಯಲ್ಲೇ ಎಂದು ಮೊದಲೇ ಮಾತಾಗಿತ್ತು. ಮಾರನೆಯ ದಿನ ಹರಳೆಣ್ಣೆ ಶೀಶೆ, ಸಾಂಬ್ರಾಣಿ, ಬಜೆ, ಮೆತ್ತಗಿನ ಹಳೆ ಸೀರೆ ಎಲ್ಲ ಕಟ್ಟಿಕೊಂಡು ನೀವು ಹೊರಟಾಗ ನನಗೆ ಹಾಯೆನಿಸಿತು. ನಿಮ್ಮ ಮುಖ ನೋಡುವುದು ತಪ್ಪಿತಲ್ಲ ಎಂದು. ಇದನ್ನೂ ಬರೆದುಬಿಡುತ್ತೇನೆ.

ಇನ್ನೊಂದು ಇದೆ, ಅದು ನಿಮಗೆ ಗೊತ್ತಿಲ್ಲ. ನೀವು ಬಸ್ಸು ಹತ್ತಿದ ಮೇಲೆ ಗಂಗಾಂಬಿಕಾ ಫೋನು ಮಾಡಿ, ಊರಲ್ಲಿ ಏನೋ ಗಲಾಟೆಯಂತಲ್ಲ ಅತ್ತಿಗೆ, ಏನದು ಎಂದು ಕೇಳಿದಳು. ಅವಳಿಗೂ ಅದನ್ನೇ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದಿದ್ದರೂ ಸೇರಿಸಿ ಸೇರಿಸಿ ಹೇಳಿದೆ, ಅತ್ತೆಗೆ ಈಚೆಗೆ ಕಣ್ಣು ಸರಿ ಕಾಣುವುದಿಲ್ಲ ಎಂದು. ಫೋನು ಸ್ಪೀಕರಿನಲ್ಲಿತ್ತು, ಪಕ್ಕದಲ್ಲಿ ಅವಳ ಅತ್ತೆ ಈಶ್ವರಮ್ಮ ಇದ್ದರು.

ನಿನ್ನೆ ಗಂಗಾಂಬಿಕಾ ಅಳುತ್ತಾ ಫೋನು ಮಾಡಿದ್ದಳು. ಹದಿನೈದು ದಿನದಿಂದ ಕೂಸಿಗೆ ನೀರೆರೆಯಲು ನಿಮ್ಮನ್ನು ಬಿಟ್ಟಿಲ್ಲವಂತೆ. ನೀವು ಹೋದ ಮೊದಲ ದಿನವೇ ಈಶ್ವರಮ್ಮ ತೆಲುಗಿನಲ್ಲಿ "ಕಳ್ಳು ಸರಿಗ್ಗಾ ಕನಪಡವು, ಬಿಡ್ಡನಿ ಇವ್ವೊದ್ದು" ಎಂದರಂತೆ, ಕಣ್ಣು ಕಾಣದವರ ಕೈಗೆ ಕೂಸು ಕೊಡಬೇಡ ಎಂದು. ನೀರೆರೆಯಲು ಬೇರೆ ಹೆಂಗಸನ್ನು ಗೊತ್ತು ಮಾಡಿದ್ದಾರಂತೆ. ನೀವು ಬಚ್ಚಲ ಬಾಗಿಲಿನ ಹೊರಗೆ ಕೂತು ಟವೆಲ್ಲು ಹಿಡಿದಿರುತ್ತೀರಂತೆ. ಒಲೆಯ ಹತ್ತಿರಕ್ಕೂ ಬಿಡುವುದಿಲ್ಲವಂತೆ. ನೀವು ಒಂದು ಮಾತೂ ಆಡಿಲ್ಲವಂತೆ.  ಈ ಊರಿನಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕೆ ಎರಡು ಕಾಲಿನ ಮೇಲೆ ಮಲಗಿಸಿಕೊಂಡು ನೀರೆರೆದವರು ನೀವು. ಶೃತಿ ಹುಟ್ಟಿದಾಗ ಅವಳ ತಲೆ ಒಂದು ಕಡೆಗೆ ಸೊಟ್ಟಗಿತ್ತು, ನೀವು ದಿನಾ ಎಣ್ಣೆ ಹಚ್ಚಿ ತೀಡಿ ತೀಡಿ ದುಂಡಗೆ ಮಾಡಿದಿರಿ. ಅಂಜನ್‌ನನ್ನೂ ಎರೆದದ್ದು ನೀವೇ. ನಿಮ್ಮ ಸ್ವಂತ ಮಗಳ ಕೂಸಿಗೆ ನೀರೆರೆಯುವುದು ನನ್ನ ಮಾತಿನಿಂದ ನಿಮಗೆ ತಪ್ಪಿತು. ಬಾಣಂತನ ಇನ್ನು ಎಷ್ಟು ದಿನ ಇರುತ್ತದೆ? ಕೂಸಿನ ಮೈ ಗಟ್ಟಿಯಾಗುವ ಮೊದಲಿನ ಈ ದಿನಗಳು ಮತ್ತೆ ಬರುವುದಿಲ್ಲ.

ರಂಗೇಶ ಮನೆ ಬಿಟ್ಟು ಹಿಂದೂಪುರದಲ್ಲಿ ಇನ್ನೊಂದು ಸಂಸಾರ ಮಾಡಿದಾಗ ಅವನು ನಿಮ್ಮನ್ನು ಕರೆದ. ಅಲ್ಲಿ ನಿಮಗೆ ಹಿಟ್ಟಿನ ಧೂಳಿರಲಿಲ್ಲ, ಸೊಸೆಯ ಅಲಾರಾಂ ಇರಲಿಲ್ಲ. ನೀವು ಹೋಗಲಿಲ್ಲ. "ಮೊಮ್ಮಗಳು ಎಲ್ಲೈತೋ ನಾನೂ ಅಲ್ಲೇ" ಎಂದು ಅವನ ಮುಖಕ್ಕೇ ಹೇಳಿದಿರಿ. ನನ್ನ ತಾಯಿ ಇದ್ದಿದ್ದರೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಅತ್ತೆಮ್ಮ, ತಪ್ಪು ನನ್ನದು. ಪೂರ್ತಿ ನನ್ನದು. ನಿಮ್ಮ ಕಣ್ಣು ಸರಿಯಾಗಿದೆ, ನಿಮ್ಮ ಕೈ ನನ್ನ ಕೈಗಿಂತ ಶುದ್ಧ. ಈ ಕಾಗದವನ್ನು ಗಂಗಾಂಬಿಕಾಗೆ ತೋರಿಸಿ, ಬೇಕಾದರೆ ಈಶ್ವರಮ್ಮನಿಗೂ ಓದಿ ಹೇಳಿ. ಆದರೆ ಗಂಗಲಕ್ಷ್ಮಮ್ಮನಿಗೆ ಹೇಳಲು ಮಾತ್ರ ನನಗೆ ಇನ್ನೂ ಧೈರ್ಯ ಬಂದಿಲ್ಲ. ಶೃತಿಯ ಪರೀಕ್ಷೆ ಮುಗಿಯಲಿ, ಬೇಸಿಗೆ ಕಳೆಯಲಿ, ಸಮಯ ನೋಡಿ ಹೇಳುತ್ತೇನೆ. ಅಷ್ಟರವರೆಗೆ ನೀವು ನನ್ನನ್ನು ಕ್ಷಮಿಸಿದ್ದೀರಿ ಎಂದು ಕದಿರಯ್ಯನ ಹತ್ತಿರ ಒಂದು ಮಾತು ಹೇಳಿ ಕಳಿಸಿದರೆ ಸಾಕು.

ಈಶ್ವರಮ್ಮನಿಗೆ, ಗಂಗಾಂಬಿಕಾಳ ಮನೆಯವರಿಗೆ ನನ್ನ ವಂದನೆ ತಿಳಿಸಿ. ಕೂಸಿಗೆ ನನ್ನ ಪರವಾಗಿ ಒಂದು ಮುತ್ತು. ನಿಮ್ಮ ಕಾಲಿಗೆ ನನ್ನದೂ ಶೃತಿಯದೂ ನಮಸ್ಕಾರ.

ನಿಮ್ಮ ಸೊಸೆ,
ಆಶಾರಾಣಿ

ತಾ.ಕ.: ಶನಿವಾರ, ಹನ್ನೊಂದೂಮುಕ್ಕಾಲು. ಕದಿರಯ್ಯ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಬೆಳಿಗ್ಗೆ ಶೃತಿ ಈ ಕಾಗದವನ್ನು ಪೂರ್ತಿ ಓದಿಬಿಟ್ಟಿದ್ದಳು. ಓದಿ ಕೇಳಿದಳು, "ಅಜ್ಜಿಗೆ ಗೊತ್ತಿರೋದನ್ನ ಅಜ್ಜಿಗೇ ಯಾಕಮ್ಮ ಬರ್ದಿದೀಯಾ?" ಆಗ ಎಂಟೂ ಇಪ್ಪತ್ತು, ತ್ರೀ ಫೇಸ್ ಇತ್ತು, ಸಾಲಿನಲ್ಲಿ ಹದಿನಾಲ್ಕು ಡಬ್ಬ ಇತ್ತು. ಸ್ವಿಚ್ ಆರಿಸಿ, ನಿಂತ ಹೆಂಗಸರಿಗೆಲ್ಲ ಡಬ್ಬ ಇಳಿಸಿದ್ದು ನಾನು, ಅತ್ತೆಯಲ್ಲ ಎಂದು ಹೇಳಿ, ಗಂಗಲಕ್ಷ್ಮಮ್ಮನ ಮನೆಗೆ ಹೋದೆ. ಅವರು ಒಳಗೆ ಕರೆಯಲಿಲ್ಲ. ಹೊಸ್ತಿಲ ಹೊರಗೇ ನಿಂತು ಡಬ್ಬದ ವಿಷಯವನ್ನೂ, ಅಲ್ಲಿ ನಿಮ್ಮ ಕೈಗೆ ಕೂಸು ಕೊಡದಿರುವುದನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಅಂದರು, "ನಿನ್ನ ಮಿಲ್ಲಿನ ಮೆಟ್ಲು ನಾನು ಇನ್ನ ತುಳಿಯಾಕಿಲ್ಲ ಕಣಮ್ಮ. ಆದ್ರೆ ನಿಮ್ಮತ್ತೆ ಲಕ್ಕಮ್ಮನ ಕೈಯಿಂದ ಯಾವ ಮಗೂನೂ ಕಿತ್ಕೊಳ್ಳಾಕೆ ನಾನು ಬುಡಾಕಿಲ್ಲ." ಹದಿನಾಲ್ಕು ಡಬ್ಬದಲ್ಲಿ ಒಂಬತ್ತು ವಾಪಸು ಹೋದವು, ಹೋಗಲಿ. ನಾಳೆ ಮೊದಲ ಬಸ್ಸಿಗೆ ನಾನು, ಶೃತಿ, ಗಂಗಲಕ್ಷ್ಮಮ್ಮ, ಅಂಜನ್ ನಾಲ್ಕು ಜನ ಬರುತ್ತೇವೆ. ಈಶ್ವರಮ್ಮನ ಎದುರಿಗೆ ಅವರೇ ತಮ್ಮ ಮೊಮ್ಮಗನನ್ನು ನಿಮ್ಮ ಕಾಲ ಮೇಲೆ ಮಲಗಿಸುತ್ತಾರಂತೆ. ಹಂಡೆ ತುಂಬ ನೀರು ಕಾಯಿಸಿಡಿ, ಎರಡು ಮಕ್ಕಳಿಗೆ ಆಗುವಷ್ಟು.